ಹೋಗಿಬಾ ಎಂಬ ಹೆಸರಿನ ಅಜ್ಜಿ

ಮೊನ್ನೆ ಹಾರ್ಬರ್ ಲೈನಿನ ಲೋಕಲ್ ಮಾಹಿಮ್ ಬಿಟ್ಟು ಕಿಂಗ್ಸ್ ಸರ್ಕಲ್ ಕಡೆ ಹೊರಳುತ್ತಿದ್ದಾಗ, ಲೇಡೀಸ್ ಡಬ್ಬಿಯಲ್ಲಿ ನನ್ನ ಬೆನ್ನ ಹಿಂದಿನಿಂದ ನಮ್ಮವ್ವ "ಹೋಗಿ ಬಾ" ಅಂದಳು. ಅವ್ವ ತೀರಿಕೊಂಡು ಕೆಲವು ಮಳೆಗಾಲಗಳೇ ಕಳೆದಿವೆ. ತಿರುಗಿ ನೋಡಿದರೆ ಒಬ್ಬ ಕಾಲೇಜು ಹುಡುಗಿ. ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದವಳು, ಸ್ಟೇಷನ್ ಬಂತೆಂದು ಅದನ್ನು ಬಂದ್ ಮಾಡಿ ಬ್ಯಾಗಿಗೆ ತುರುಕಿ, ಇಳಿಯುವವರ ಜೊತೆ ಬಾಗಿಲ ಕಡೆಗೆ ಸರಿದಳು. ನಾನು ನಿಂತಲ್ಲೇ ಬೆವತಿದ್ದೆ. ಎದುರು ಕೂತಿದ್ದ ಹೆಂಗಸು "ತಬಿಯತ್ ಠೀಕ್ ಹೈ ನಾ?" ಎಂದು ಕೇಳಿ ತನ್ನ ಜಾಗ ಬಿಟ್ಟುಕೊಟ್ಟಳು.

ಸತ್ತವರ ದನಿ ಕೇಳಿಸಿತು ಎಂದರೆ ಜನ ಯಾವುದಾದರೂ ಮಂತ್ರವಾದಿಯ ವಿಳಾಸ ಕೊಡುತ್ತಾರೆ. ನನಗೆ ಅದರ ಅಗತ್ಯವಿಲ್ಲ. ಆ ದನಿಯನ್ನು ಹಿಡಿದು, ಗದ್ದಲವನ್ನೆಲ್ಲ ಸೋಸಿ ತೆಗೆದು, ಆಟದೊಳಗೆ ಕೂಡಿಸಿದವಳು ನಾನೇ. ವಡಾಲದಲ್ಲಿ ಇಳಿದು ಮನೆಗೆ ನಡೆಯುವಷ್ಟರಲ್ಲಿ, ಆ ಆಟದ ಎರಡನೆಯ ಭಾಗ ಹೊರಬಂದ ಮಳೆಗಾಲವೆಲ್ಲ ಮತ್ತೆ ತಲೆಯೊಳಗೆ ಸುರಿಯತೊಡಗಿತ್ತು.

ಆಗ ನಾನು ಮಲಾಡಿನಲ್ಲಿ ಒಂದು ಚಿಕ್ಕ ಗೇಮ್ ಕಂಪನಿಯಲ್ಲಿ ಸದ್ದಿನ ಕೆಲಸ ಮಾಡುತ್ತಿದ್ದೆ. ಸದ್ದಿನ ಕೆಲಸ ಎಂದರೆ ಆಟದಲ್ಲಿ ಬಾಗಿಲು ಕಿರುಗುಟ್ಟುವುದು, ನಲ್ಲಿ ತೊಟ್ಟಿಕ್ಕುವುದು, ಯಾರೋ ಮೆಟ್ಟಿಲು ಹತ್ತಿ ಬರುವುದು ಎಲ್ಲ ನನ್ನ ಪಾಲಿನದು. ಇದನ್ನು ಧಾರವಾಡದ ನೆಂಟರಿಗೆ ತಿಳಿಸಿ ಹೇಳುವುದರಲ್ಲಿ ಅವ್ವ ಸೋತು ಹೋಗಿದ್ದಳು. "ನಮ್ಮ ವಿದ್ಯಾ ಕಂಪ್ಯೂಟರ್‌ನಾಗ ಬಾಗಲಾ ಬಡೀತಾಳ್ರಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದಳು.

ಕಂಪನಿಯ ಯಜಮಾನ ಪರಾಗ್, ದಾದರಿನ ಮರಾಠಿಯವನು. ಅವನ ಅಜ್ಜನ ಕಾಲದ ಚಾಳಿನ ನೆನಪಿನಲ್ಲಿ ಅವನು ಕಟ್ಟಿದ ಆಟ 'ಬಂದ್ ಖೋಲಿ', ಅಂದರೆ ಮುಚ್ಚಿದ ಕೋಣೆ. ಲೈಟು ಹೋದ, ಒಂಟಿಕೋಣೆಯ ಸಾಲುಮನೆಗಳ ಒಂದು ಹಳೆಯ ಚಾಳು. ಎಲ್ಲರೂ ಮನೆ ಬಿಟ್ಟು ಹೋಗಿದ್ದಾರೆ, ಖೋಲಿಗಳಿಗೆಲ್ಲ ಬೀಗ. ಆಡುವವನು ಕತ್ತಲಲ್ಲಿ ದಾರಿ ಹುಡುಕಿಕೊಂಡು ಹೊರಗೆ ಬರಬೇಕು. ಒಂದೇ ಒಂದು ಖೋಲಿಯ ಮುಚ್ಚಿದ ಬಾಗಿಲ ಹಿಂದೆ ಮಾತ್ರ ಒಬ್ಬ ಅಜ್ಜಿ ಇದ್ದಾಳೆ. ಅವಳು ಎಂದೂ ಕಾಣಿಸುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ, ಅದೂ ಕನ್ನಡದಲ್ಲಿ. ಪಕ್ಕದ ಖೋಲಿಯವರ ಭಾಷೆ ಬರದೆಯೂ ಅರ್ಥವಾಗುವುದು ಮುಂಬಯಿಯ ಚಾಳಿನಲ್ಲಿ ಮಾತ್ರ ಎಂಬುದು ಪರಾಗನ ವಾದ. ಅಜ್ಜಿಯ ದನಿಗೆ ಯಾರನ್ನು ಕರೆತರುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಅವ್ವನ ಹೆಸರು ಹೇಳಿದೆ.

ವಡಾಲದ ನಮ್ಮ ಮನೆಯ ಹಿಂದೆಯೇ ರೈಲು ಹಳಿ. ಸದ್ದು ತಡೆಯಲು ಒಳಕೋಣೆಯಲ್ಲಿ ಹಗ್ಗ ಕಟ್ಟಿ, ನಮ್ಮಜ್ಜಿ ಹೊಲಿದಿದ್ದ ಹಳೆಯ ಕೌದಿಗಳನ್ನು ಸುತ್ತಲೂ ಇಳಿಬಿಟ್ಟೆ. ನಡುವೆ ಒಂದು ಸ್ಟೂಲಿನ ಮೇಲೆ ಅವ್ವ. ಬಂದರಿನ ಕಚೇರಿಯಿಂದ ನಿವೃತ್ತರಾಗಿದ್ದ ಅಪ್ಪ, ಫ್ಯಾನು ಬಂದ್ ಮಾಡಿಸಿದ್ದಕ್ಕೆ ಸಿಟ್ಟಾಗಿ ಗ್ಯಾಲರಿಯಲ್ಲಿ ಕೂತು ಗೊಣಗುತ್ತಿದ್ದರು. "ಎಡಕ್ಕ ಹೋಗಬ್ಯಾಡ, ಅಲ್ಲಿ ಕಟ್ಟಿ ಬಿದ್ದದ." "ನೆಲ ಹಸಿ ಅದ, ನೋಡಿ ಕಾಲಿಡು." ಹೀಗೆ ಬರೆದುಕೊಟ್ಟ ಮಾತುಗಳನ್ನು ಅವ್ವ ಬರೆದುಕೊಟ್ಟ ಹಾಗೆ ಒಮ್ಮೆಯೂ ಹೇಳಲಿಲ್ಲ. ನೋಡಿ ಕಾಲಿಡು ಎಂದ ಮೇಲೆ ತಾನಾಗಿ "ಹುಚ್ಚಪ್ಯಾಲಿ" ಎಂದು ಸೇರಿಸಿದಳು. ಅದು ಹಾಗೇ ಉಳಿಯಿತು.

ಎಲ್ಲ ಮುಗಿದು, ಮಲಾಡಿಗೆ ವಾಪಸ್ ಹೋಗಲು ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ "ಬರ್ತೇನವಾ" ಎಂದೆ. ಕೌದಿಯ ಒಳಗಿನಿಂದಲೇ ಅವ್ವ "ಹೋಗಿ ಬಾ" ಅಂದಳು. ಮೈಕು ಇನ್ನೂ ಚಾಲೂ ಇತ್ತು. ಮರುದಿನ ಆಫೀಸಿನಲ್ಲಿ ಅದನ್ನು ಕೇಳಿದ ಪರಾಗ್ ಕುರ್ಚಿಯಿಂದ ಎದ್ದೇ ನಿಂತ. ಆಡುವವರು ಆಟ ಬಿಟ್ಟು ಹೊರಡಲು ಬಟನ್ ಒತ್ತಿದಾಗ, ಪರದೆ ಕಪ್ಪಾಗುವ ಮುಂಚೆ, ಆ ಒಂದು ಮಾತು ಬರಬೇಕು ಎಂದ.

ನಮ್ಮಲ್ಲಿ ಹೊರಡುವವರು "ಹೋಗ್ತೇನಿ" ಅನ್ನುವುದಿಲ್ಲ, "ಬರ್ತೇನಿ" ಅನ್ನುತ್ತಾರೆ. ಕಳಿಸಿಕೊಡುವವರು "ಹೋಗಿ ಬಾ" ಅನ್ನುತ್ತಾರೆ. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳುವುದೆಂದರೆ ಬಾಳೆಹಣ್ಣು ಸುಲಿದು ಬಾಯಿಗಿಟ್ಟ ಹಾಗೆ. ಆದರೆ ಮುಂಬಯಿಯ ಹುಡುಗರಿಗೆ ಯಾರು ಹೇಳಬೇಕು? ಗುಜರಾತಿಗಳು ತಾಯಿಗೆ, ಅಜ್ಜಿಗೆ 'ಬಾ' ಎನ್ನುತ್ತಾರೆ, ಹಿರಿಯ ಹೆಂಗಸಿನ ಹೆಸರಿಗೂ ಅದನ್ನೇ ಸೇರಿಸುತ್ತಾರೆ. ಹೀಗಾಗಿ ಘಾಟಕೋಪರದ, ಕಾಂದಿವಲಿಯ ಹುಡುಗರೆಲ್ಲ ತಾವು ಹೊರಡುವಾಗ ಬಾಗಿಲ ಹಿಂದಿನ ಅಜ್ಜಿ ತನ್ನ ಹೆಸರು ಹೇಳುತ್ತಾಳೆ ಎಂದು ತಿಳಿದರು. ಅಜ್ಜಿಯ ಹೆಸರು ಹೋಗಿಬಾ! ಅವಳ ಮುಖ ಹೇಗಿರಬಹುದೆಂದು ಚಿತ್ರ ಬರೆದರು, ಅವಳ ಹೆಸರಿನ ಟೀಶರ್ಟ್ ಹೊಲಿಸಿಕೊಂಡರು. ಒಂದು ಚಿತ್ರದಲ್ಲಂತೂ ಅವ್ವನಿಗೆ ಬಿಳಿ ಸೀರೆ ಉಡಿಸಿ ಗುಜರಾತಿ ಸೆರಗು ಹೊದಿಸಿದ್ದರು. ಅದನ್ನು ತೋರಿಸಿದಾಗ ಅವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇನ್ನೊಮ್ಮೆ ಹುಟ್ಟಿ ಬಂದ್ರ ಇದ ಹೆಸರಿಡ್ರಿ ನನಗ" ಅಂದಳು.

ಮುಂದಿನ ಬೇಸಿಗೆಯಲ್ಲಿ ಅವ್ವ ಹೋದಳು. ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದ್ದೆವು. ಅಪ್ಪ ಪಕ್ಕದ ಬೆಂಚು ಬಿಟ್ಟು ಕದಲುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅವ್ವನಿಗೆ ಸ್ವಲ್ಪ ಗೆಲುವಿತ್ತು. "ಎಷ್ಟ ದಿನಾ ಹಿಂಗ ಕೂಡ್ತೀರಿ, ಮನೀಗೆ ಹೋಗಿ ಜಳಕಾ ಮಾಡಿ ಬರ್ರಿ" ಎಂದು ಅವರನ್ನು ಎಬ್ಬಿಸಿ ಕಳಿಸಿದಳು. ಅಪ್ಪ ಹೋದರು, ಜಳಕ ಮಾಡಿದರು, ಬಂದರು. ಅಷ್ಟರಲ್ಲಿ ಮುಗಿದಿತ್ತು. ಅಪ್ಪ ಅಳಲಿಲ್ಲ, ಬದಲಿಗೆ ಸಿಟ್ಟಾದರು. "ನಾ ಆಕಿ ಹೇಳಿಧಂಗ ಹೋಗಿ ಬಂದೆ. ಆಕಿ ಹೇಳದ ಹೋದ್ಲು" ಎಂದು ಬಂದವರ ಎದುರಿಗೆಲ್ಲ ಅಂದರು. ಆ ಸಿಟ್ಟು ಹದಿಮೂರನೆಯ ದಿನ ಮುಗಿದ ಮೇಲೂ ಇಳಿಯಲಿಲ್ಲ. ಅವ್ವನ ಫೋಟೋಕ್ಕೆ ನಾನು ಹೂ ಹಾಕುವಾಗ ಅವರು ಆ ಕಡೆ ನೋಡುತ್ತಲೇ ಇರಲಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಒಂದು ಸಂಜೆ, ನಾನು ಬೇಗ ಮನೆಗೆ ಬಂದು ಬಾಗಿಲು ತೆಗೆಯುತ್ತಿದ್ದ ಹಾಗೆ ಒಳಗಿನಿಂದ "ಹೋಗಿ ಬಾ" ಎಂದು ಕೇಳಿಸಿತು. ಕೈಯಲ್ಲಿದ್ದ ಕೊಡೆ ಬಿದ್ದುಹೋಯಿತು. ಒಳಗೆ ನೋಡಿದರೆ ಅಪ್ಪ ಗ್ಯಾಲರಿಯ ಕುರ್ಚಿಯಲ್ಲಿ ತಮ್ಮ ಮೊಬೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

"ಅಪ್ಪಾ, ನೀವು ಗೇಮ್ ಆಡ್ಲಿಕತ್ತೀರೇನು?" ಎಂದೆ.

"ಆಡಾಕ ಬರಂಗಿಲ್ಲವಾ ನನಗ," ಅಂದರು ಅಪ್ಪ, ಸಿಕ್ಕಿಬಿದ್ದವರ ಹಾಗೆ. "ಬಿಡಾಕ ಬರ್ತದ. ದಿನಾ ಒಮ್ಮೆ ತೆಗೀತೇನಿ, ಬಿಡ್ತೇನಿ."

ಅಂದರೆ ಅವರು ಆ ಚಾಳಿನ ಒಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆಟ ತೆರೆಯುವುದು, ತಕ್ಷಣ ಬಂದ್ ಮಾಡುವುದು, ಅವ್ವನಿಂದ ಹೋಗಿ ಬಾ ಅನ್ನಿಸಿಕೊಳ್ಳುವುದು, ಅಷ್ಟೇ ಅವರ ಆಟ. ಇಡೀ ದೇಶದಲ್ಲಿ ನಮ್ಮ ಗೇಮಿಗೆ ಅಂತಹ ಅಭಿಮಾನಿ ಇನ್ನೊಬ್ಬರಿರಲಿಕ್ಕಿಲ್ಲ. ನನಗೆ ಅದನ್ನು ನೋಡಿ ಸಂಕಟವಾಯಿತು, ಭಯವೂ ಆಯಿತು. ಬೇಡ ಎನ್ನುವ ಧೈರ್ಯ ಮಾತ್ರ ಆಗಲಿಲ್ಲ.

ಅದೇ ತಿಂಗಳು 'ಬಂದ್ ಖೋಲಿ' ಎರಡನೆಯ ಭಾಗದ ಟ್ರಯಲನ್ನು ಹಳೆಯ ಅಭಿಮಾನಿಗಳಿಗೆ ಬಿಟ್ಟೆವು. ಅವ್ವ ಹೋದ ಮೇಲೆ ಪರಾಗ್ ಕಥೆಯನ್ನೇ ಬದಲಿಸಿದ್ದ. ಇದರಲ್ಲಿ ಕತ್ತಲಿಲ್ಲ, ಹಾಡುಹಗಲು. ಚಾಳನ್ನು ಕೆಡವಿದ್ದಾರೆ, ಟವರ್ ಏಳುತ್ತಿದೆ. ಆಡುವವನು ಇಟ್ಟಿಗೆಯ ರಾಶಿಯ ನಡುವೆ ಓಡಾಡಿ, ಚಾಳಿನವರೆಲ್ಲ ಎಲ್ಲೆಲ್ಲಿ ಹೋದರೆಂದು ಹುಡುಕಿ ಮಾತಾಡಿಸಬೇಕು. ಅಜ್ಜಿಯ ಬಾಗಿಲು ಗೋಡೆಯಿಲ್ಲದೆ ಒಂಟಿಯಾಗಿ ನಿಂತಿದೆ. ತಟ್ಟಿದರೆ ಯಾರೂ ಓಗೊಡುವುದಿಲ್ಲ. ಆಟ ಬಿಡುವಾಗಲೂ ಅಷ್ಟೇ, ಯಾವ ದನಿಯೂ ಇಲ್ಲ. ಈ ಕೊನೆಯದು ನನ್ನ ಹಟ. ಸತ್ತವರ ಮನೆಯಿಂದ ಹೊರಡುವಾಗ ನಮ್ಮವರು ಬರ್ತೇನಿ ಅನ್ನುವುದಿಲ್ಲ, ಮನೆಯವರೂ ಹೋಗಿ ಬಾ ಅನ್ನುವುದಿಲ್ಲ. ಎದ್ದು ಸುಮ್ಮನೆ ಹೋಗುತ್ತಾರೆ. ನಾನು ಅದೇ ಮೌನವನ್ನು ಇಟ್ಟಿದ್ದೆ. ಅದು ನನ್ನ ಕೆಲಸದಲ್ಲೇ ಎಲ್ಲಕ್ಕಿಂತ ಒಳ್ಳೆಯ ಸದ್ದು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ ಕೂಡ.

ಮೊದಲ ವಾರದಲ್ಲೇ ಬಂದ ದೂರುಗಳನ್ನು ಓದಿದಾಗ ಹೆಮ್ಮೆಯೆಲ್ಲ ಮಳೆಯಲ್ಲಿ ತೊಳೆದುಹೋಯಿತು. "ಆಟ ಬಿಡುವಾಗ ಆಡಿಯೋ ಬರುತ್ತಿಲ್ಲ, ಬೇಗ ಸರಿ ಮಾಡಿ" ಎಂದು ಒಬ್ಬರಾದ ಮೇಲೆ ಒಬ್ಬರು ಬರೆದಿದ್ದರು. ನನ್ನ ಸೂತಕದ ಮೌನ ಅವರಿಗೆ ಕೆಟ್ಟುಹೋದ ಸ್ಪೀಕರಾಗಿ ಕೇಳಿಸಿತ್ತು. ಅದು ಕೆಟ್ಟಿಲ್ಲ, ಬೇಕೆಂದೇ ಇಟ್ಟಿದ್ದು ಎಂದು ನಾವು ಉತ್ತರಿಸಿದ ಮೇಲೆ ಸಿಟ್ಟು ಶುರುವಾಯಿತು. ಚಿತ್ರಗಳು ಮೊದಲಿಗಿಂತ ಚೆನ್ನಾಗಿವೆ, ಕಥೆ ದೊಡ್ಡದಿದೆ, ಎಲ್ಲ ಸರಿ, ಆದರೆ ಇದು ಬಂದ್ ಖೋಲಿ ಅಲ್ಲ. ಎರಡನೆಯ ಸಂಬಂಧದಲ್ಲಿ ಬಂದ ಸೊಸೆ ಎಷ್ಟು ರುಚಿಯಾಗಿ ಅಡುಗೆ ಮಾಡಿದರೂ, ಉಂಡು ಕೈತೊಳೆದು ಮೊದಲನೆಯವಳ ಸಾರನ್ನು ನೆನೆಯುವ ಅತ್ತೆಯರಿರುತ್ತಾರಲ್ಲ, ಅವರ ತೀರ್ಪೂ ಇವರ ತೀರ್ಪೂ ಒಂದೇ. ಹೋಗಿಬಾ ಎಲ್ಲಿ? ಹೋಗಿಬಾಳನ್ನು ಏನು ಮಾಡಿದಿರಿ? ದಿನವೂ ಇದೇ ಪ್ರಶ್ನೆ. ನಮ್ಮವ್ವನನ್ನು ನಾನೇನೋ ಮಾಡಿಬಿಟ್ಟೆ ಎಂಬಂತೆ ಊರಿನ ಹುಡುಗರೆಲ್ಲ ನನ್ನನ್ನು ವಿಚಾರಿಸುತ್ತಿದ್ದರು.

ಎದುರಾಎದುರು ಕೂತು ಮಾತಾಡಿದರೆ ತಣ್ಣಗಾಗುತ್ತಾರೆ ಎಂದು ಪರಾಗ್, ಕೆಲವು ಅಭಿಮಾನಿಗಳನ್ನು ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಕರೆದ. ಮಾಳಿಗೆಯ ಮೇಲಿನ ಉದ್ದ ಟೇಬಲ್ಲು. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ ಮತ್ತು ಫಿಲ್ಟರ್ ಕಾಫಿಯ ವಾಸನೆ. ಪರಾಗ್ ನನ್ನನ್ನು 'ಸೌಂಡ್ ಮೇಡಂ' ಎಂದಷ್ಟೇ ಪರಿಚಯಿಸಿದ. ಅಜ್ಜಿಯ ದನಿ ನನ್ನ ತಾಯಿಯದೆಂದು ಹೇಳಬೇಡ ಎಂದು ನಾನೇ ತಾಕೀತು ಮಾಡಿದ್ದೆ. ಗುಂಪಿಗೆ ಮುಂದಾಳು ಹೇತ್ವಿ ಎಂಬ ಘಾಟಕೋಪರದ ಗುಜರಾತಿ ಹುಡುಗಿ. ಮೈಮೇಲೆ ಹೋಗಿಬಾ ಟೀಶರ್ಟು. ದೋಸೆ ಬರುವ ಮುಂಚೆಯೇ ಅವಳು ನ್ಯಾಯ ತೀರ್ಮಾನಕ್ಕೆ ಕೂತಳು.

"ಆಂಟಿ, ನೀವು ಮೊದಲನೇ ಗೇಮ್ ಆಡಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದಳು.

ನನಗೆ ನಗು ಬಂತು, ಮೈಯೂ ಉರಿಯಿತು. "ಸ್ವಲ್ಪ ಆಡಿದ್ದೇನೆ" ಎಂದೆ.

"ಆಡಿದ್ದರೆ ಬಾಳನ್ನ ಹೀಗೆ ತೆಗೆದು ಹಾಕ್ತಿರಲಿಲ್ಲ. ಎಲ್ಲ ಬದಲಾಯಿಸಿ, ನಮಗೇನೂ ಇಲ್ಲ. ಬಿಲ್ಡಿಂಗ್ ಕೆಡವಿ, ಹಗಲು ಮಾಡಿ. ಲೇಕಿನ್ ಬಾ ತೋ ಚಾಹಿಯೇ ನಾ, ಬಾ ಬೇಕೇ ಬೇಕು!"

ನಾನು ಸಿಟ್ಟಿನಲ್ಲೇ ಹೇಳಿಬಿಟ್ಟೆ, ಅದು ಹೆಸರಲ್ಲ, ಕನ್ನಡದ ಮಾತು, ಹೋಗಿ ಬಾ ಎಂದರೆ ಜಾಕೇ ಆ, ಹೊರಟವರು ತಿರುಗಿ ಬರಲಿ ಎಂದು ಹೇಳುವುದು. ಒಬ್ಬ ಹುಡುಗ ತನ್ನ ಟೀಶರ್ಟನ್ನು ಬಗ್ಗಿ ನೋಡಿಕೊಂಡ. ಪೆಚ್ಚಾಗಿ ತಣ್ಣಗಾಗುತ್ತಾರೆ ಎಂದು ನಾನು ಕಾದೆ. ಹೇತ್ವಿ ಮಾತ್ರ ಚಮಚೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಂದ್ರೆ ಪ್ರತಿ ಸಲ ವಾಪಸ್ ಬಾ ಅಂತಿದ್ಲು," ಎಂದಳು ನಿಧಾನವಾಗಿ. "ನಮ್ಮನೇಲಿ ಬಾ ತೀರಿಕೊಂಡ ವರ್ಷ ನಾನು ದಿನಾ ಇದನ್ನೇ ಆಡ್ತಿದ್ದೆ ಆಂಟಿ. ಭಾಷೆ ಬರದಿದ್ರೂ ಗೊತ್ತಾಗ್ತಿತ್ತು, ನೋಡಿ ಕಾಲಿಡು ಅಂತ ಹೇಳೋರು ಬೇರೆ ಯಾರೂ ಇರಲಿಲ್ಲ. ವಾಪಸ್ ಬಾ ಅಂದ್ಲು, ನಾವು ಬಂದ್ವಿ. ಈಗ ಅವಳೇ ಇಲ್ಲ. ಇದು ಮೋಸ ಅಲ್ವಾ?"

ಮನೆಯಲ್ಲಿ ಅಪ್ಪ ಧಾರವಾಡದ ಕನ್ನಡದಲ್ಲಿ ಹೇಳಿದ್ದನ್ನು ಈ ಹುಡುಗಿ ಮಾಟುಂಗದಲ್ಲಿ ಹಿಂದಿಯಲ್ಲಿ ಹೇಳುತ್ತಿದ್ದಳು. ಹಳೆಯ ಆಟವನ್ನು ಅಳತೆಗೋಲು ಮಾಡಿಕೊಂಡು ಹೊಸದನ್ನು ಬೈಯುವವರೆಲ್ಲ ಹಟಮಾರಿ ಮಕ್ಕಳು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅವರು ಆಟವನ್ನು ಅಳೆಯುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ತಮ್ಮನ್ನು ಕಾಯ್ದ ಜಾಗಕ್ಕೆ ಮರಳಿ ಬಂದು ಬಾಗಿಲು ತಟ್ಟುತ್ತಿದ್ದರು, ಅಷ್ಟೇ. ಕೈತೊಳೆಯುವ ನೆಪದಲ್ಲಿ ಎದ್ದುಹೋದೆ.

ಪರಾಗನಿಗೆ ಅದೇ ಮಾತು ಬೇರೆ ರೀತಿ ತಾಗಿತು. ಮಾಟುಂಗದಿಂದ ಬಂದ ಮೇಲೆ ಅವನಿಗೆ ಹೇತ್ವಿಯದೇ ಜಪ. ಆಗಸ್ಟಿನ ಒಂದು ದಿನ ನನ್ನನ್ನು ತನ್ನ ಟೇಬಲ್ಲಿಗೆ ಕರೆದ. ಪಕ್ಕದಲ್ಲಿ ನಮ್ಮ ಆಫೀಸಿನ ಪ್ರಜ್ವಲ್ ಕೂತಿದ್ದ. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮಲಾಡಿನಲ್ಲೇ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಎಂದರೆ ಅಜ್ಜನ ಮನೆಗೆ ರಜೆಗೆ ಹೋದಾಗ ಕಲಿತಷ್ಟೇ.

"ವಿದ್ಯಾ, ಸಿಟ್ಟಾಗಬೇಡ, ಒಂದು ಸಲ ಕೇಳು," ಎಂದ ಪರಾಗ್. "ಇವರಿಗೆ ಬೇಕಾಗಿರೋದು ಬಾ ಅಲ್ಲ, ಬಾ ಹೇಳಿ ಹೋಗಬೇಕು ಅಷ್ಟೇ. ಸುಮ್ಮನೆ ಮಾಯ ಆಗಿದ್ದೇ ನೋವು. ಕೊನೆಗೆ ಆಟ ಬಿಡುವಾಗ, ನಾನು ಹೊರಟೆ ಅಂತ ಒಂದು ಮಾತು ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ."

"ಯಾರು ಅನ್ನಬೇಕು?" ಎಂದೆ.

ಪರಾಗ್ ಬಿಡಿಸಿ ಹೇಳಿದ. ಅವ್ವನ ಹಳೆಯ ರೆಕಾರ್ಡಿಂಗನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ, ಅವಳ ದನಿಯಲ್ಲಿಯೇ ಅವಳು ಆಡದ ಮಾತನ್ನು ಅದು ಆಡುತ್ತದೆ. ನನ್ನನ್ನು ಕೇಳುವ ಮುಂಚೆ ಅವರು ಒಂದು ಸಾಲು ಮಾಡಿ ನೋಡಿದ್ದರು. ಪರಾಗ್ ಹಿಂದಿಯಲ್ಲಿ 'ಮೈ ಜಾತೀ ಹೂಂ' ಎಂದು ಬರೆದುಕೊಟ್ಟಿದ್ದನ್ನು ಪ್ರಜ್ವಲ್ ಕನ್ನಡ ಮಾಡಿದ್ದ. ಪರಾಗ್ ಬಟನ್ ಒತ್ತಿದ. ಸ್ಪೀಕರಿನಿಂದ ನಮ್ಮವ್ವ "ನಾನು ಹೋಗ್ತೇನೆ" ಅಂದಳು.

ಅವ್ವ ಮಾತಿಗೆ ಮುಂಚೆ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಿದ್ದಳು, ಅದೂ ಇತ್ತು. ಗಂಟಲಿನ ಆ ಒಡಕು, ಅದೂ ಇತ್ತು. ಇಲ್ಲದ್ದು ಅವಳೊಬ್ಬಳೇ. ಆಸ್ಪತ್ರೆಯಲ್ಲಿ, ಸ್ಮಶಾನದಲ್ಲಿ, ಎಲ್ಲಿಯೂ ಅವ್ವ ಸತ್ತಳೆಂದು ನನಗೆ ಅಷ್ಟು ಖಚಿತವಾಗಿ ಅನ್ನಿಸಿರಲಿಲ್ಲ.

"ಅಕ್ಕಾ, ಕರೆಕ್ಟ್ ಉಂಟಲ್ಲ? ಗ್ರಾಮರ್ ಎಲ್ಲ ಚೆಕ್ ಮಾಡಿದ್ದೇನೆ," ಎಂದ ಪ್ರಜ್ವಲ್ ಅಳುಕುತ್ತ.

ಗ್ರಾಮರ್ ಸರಿಯಾಗಿಯೇ ಇತ್ತು ಪಾಪ. ನಮ್ಮ ಮನೆಯ ಹೊಸ್ತಿಲ ಮೇಲೆ ಆ ಮಾತು ಆಡಿದವರನ್ನು ಅವ್ವ ಅಲ್ಲೇ ನಿಲ್ಲಿಸಿ, "ಹೋಗ್ತೇನಿ ಅನಬಾರದು, ಬರ್ತೇನಿ ಅನ್ನು" ಎಂದು ತಿದ್ದಿಸಿ ಕಳಿಸುತ್ತಿದ್ದಳು. ಅಂತಹವಳ ಬಾಯಿಂದಲೇ ಅದನ್ನು ಅನ್ನಿಸಿದ್ದರು. ಪರಾಗ್ ಒಳ್ಳೆಯವನು. ಹಟ ಹಿಡಿಯಲಿಲ್ಲ. "ನಿನ್ನ ತಾಯಿ. ನೀನು ಬೇಡ ಅಂದರೆ ಬೇಡ. ಸೋಮವಾರ ಹೇಳು" ಎಂದು ಆ ದನಿಯ ತುಣುಕನ್ನು ನನ್ನ ಮೊಬೈಲಿಗೆ ಕಳಿಸಿದ. ಆ ಸಂಜೆ ಗೋರೆಗಾಂವಿನಲ್ಲಿ ಗಾಡಿ ಬದಲಿಸಿ, ಹಾರ್ಬರ್ ಲೈನಿನ ಕಿಟಕಿಯಲ್ಲಿ ಕೂತು ವಡಾಲಕ್ಕೆ ಬರುವವರೆಗೂ ಮೊಬೈಲನ್ನು ಬ್ಯಾಗಿನ ತಳಕ್ಕೆ ಒತ್ತಿ ಹಿಡಿದುಕೊಂಡಿದ್ದೆ. ತಾನಾಗಿ ಎಲ್ಲಿ ಮಾತಾಡಿಬಿಡುತ್ತದೋ ಎಂಬ ಭಯ.

ಭಾನುವಾರ ಮಧ್ಯಾಹ್ನ ಅಪ್ಪ ಗ್ಯಾಲರಿಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಮೆಂತೆ ಪಲ್ಲೆ ಸೋಸುತ್ತಿದ್ದರು. ಮಳೆ ಜೋರಾಗಿತ್ತು, ರೈಲುಗಳು ನಿಂತಿದ್ದವು. ಹಳಿಯ ಕಡೆಯಿಂದ ಸದ್ದೇ ಇಲ್ಲದ್ದರಿಂದ ಮನೆ ಯಾರದೋ ಮನೆಯಂತೆ ಅನ್ನಿಸುತ್ತಿತ್ತು.

"ಮುಂದ ಏನಾತು ಆ ಹುಡುಗರ ಜಗಳಾ?" ಎಂದು ಕೇಳಿದರು ಅಪ್ಪ.

ಹೇಳುವುದೋ ಬೇಡವೋ ಎಂದು ನಾಲ್ಕು ದಿನದಿಂದ ಒದ್ದಾಡಿದ್ದೆ. ಬೇಡ ಎನ್ನಲು ನಾನೊಬ್ಬಳೇ ಯಾರು? ಅವರ ಹೆಂಡತಿಯ ದನಿ. ಏನೂ ಹೇಳದೆ ಮೊಬೈಲ್ ತೆಗೆದು ಹಚ್ಚಿದೆ. "ನಾನು ಹೋಗ್ತೇನೆ."

ಅಪ್ಪನ ಕೈ ನಿಂತಿತು. ಮೆಂತೆಯ ಕಡ್ಡಿ ಬೆರಳಿನಲ್ಲಿ ಹಾಗೆಯೇ ಉಳಿಯಿತು. ನನ್ನ ಕಡೆ ನೋಡದೆ ಕೇಳಿದರು.

"ಇದನ್ನ ಯಾವಾಗ ಅಂದ್ಲು ಆಕಿ?"

ಅವರ ದನಿಯಲ್ಲಿ ಆ ಬೇಸಿಗೆಯಿಂದ ಇದ್ದ ಸಿಟ್ಟು ಇರಲಿಲ್ಲ. 'ಆಸ್ಪತ್ರೆಯಲ್ಲಿ, ನೀವು ಮನೆಗೆ ಹೋದಾಗ' ಎಂದುಬಿಟ್ಟರೆ ಸಾಕಿತ್ತು. ಅವ್ವ ಹೇಳಿಯೇ ಹೋದಳು ಎಂದು ಅವರು ಉಳಿದ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯುತ್ತಿದ್ದರು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಪ್ಪ ಆ ಸುಳ್ಳಿನ ಜೊತೆ ಬದುಕುವುದನ್ನು ದಿನವೂ ನಾನು ಕೂತು ನೋಡಬೇಕಾಗುತ್ತಿತ್ತು. ಅದು ನನ್ನಿಂದ ಆಗುವ ಮಾತಾಗಿರಲಿಲ್ಲ.

"ಅವ್ವ ಅಂದಿಲ್ಲ ಅಪ್ಪಾ," ಎಂದೆ. "ಕಂಪ್ಯೂಟರ್ ಅಂದದ. ಅವ್ವನ ದನಿ ಕಲತು ಅಂದದ."

ಅಪ್ಪ ಕಡ್ಡಿಯಿಂದ ಎಲೆ ಬಿಡಿಸಿ ಬುಟ್ಟಿಗೆ ಹಾಕಿದರು. ಇನ್ನೊಂದನ್ನು ಕೈಗೆತ್ತಿಕೊಂಡರು.

"ಹಂಗಂತೇನಿ. ಆಕಿ ಹೋಗ್ತೇನಿ ಅನ್ನಾಕಿ ಅಲ್ಲ. ಅದೂ ಹಿಂಗ, ಸಾಲಿ ಹುಡುಗರು ಪಾಠಾ ಓದಿಧಂಗ."

"ಪರಾಗ ಕೇಳ್ಲಿಕತ್ತಾನ, ಆಟದಾಗ ಹಾಕೋದೋ ಬ್ಯಾಡೋ ಅಂತ."

"ಹಾಕಬ್ಯಾಡ."

"ಹುಡುಗರಿಗೆ ಸಮಾಧಾನ ಆಗ್ತದ ಅಂತಾನ."

"ಅದಕ್ಕ ಹಾಕಬ್ಯಾಡ ಅಂದೆ. ಮಂದಿ ನಂಬ್ತಾರ," ಅಂದರು ಅಪ್ಪ. "ನಾನ ನಂಬಿದ್ದೆ, ಒಂದು ಗಳಿಗಿ."

ಸೋಮವಾರ ನಾನು ಬೇಡ ಎಂದೆ. ಪರಾಗ್ ಮಾತಿಗೆ ತಪ್ಪಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಆಟ ಮೌನದಲ್ಲೇ ಹೊರಗೆ ಬಂತು. ಅಭಿಮಾನಿಗಳು ಅದನ್ನು ಕ್ಷಮಿಸಲಿಲ್ಲ. ಮೊದಲನೆಯದನ್ನು ಆಡದವರು ಕೆಲವರು ಮೆಚ್ಚಿದರು. ಆಡಿದವರು ಅರ್ಧಕ್ಕೇ ಬಿಟ್ಟು ಹಳೆಯದಕ್ಕೆ ಮರಳಿದರು. ಹೇತ್ವಿ ಬರೆದದ್ದನ್ನು ಪರಾಗ್ ತೋರಿಸಿದ. ಈ ಆಟದಲ್ಲಿ ಎಲ್ಲ ಇದೆ, ಕಾಯುವವರು ಮಾತ್ರ ಇಲ್ಲ ಎಂದು ಬರೆದು ಐದು ಚುಕ್ಕಿಯಲ್ಲಿ ಒಂದೇ ಕೊಟ್ಟಿದ್ದಳು. ನನಗೆ ಬೇಸರವಾಯಿತು, ಆದರೆ ಜಗಳವಾಡಬೇಕು ಅನ್ನಿಸಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಇಲ್ಲದಿರುವುದನ್ನು ತೋರಿಸಲೆಂದೇ ನಾನು ಆ ಆಟಕ್ಕೆ ಸದ್ದು ಕೂಡಿಸಿದ್ದೆ. ಅದನ್ನು ಯಾರೂ ಎರಡನೆಯ ಸಲ ಆಡಲು ಬಯಸುವುದಿಲ್ಲ ಎಂಬುದು ಆಗ ಹೊಳೆದಿರಲಿಲ್ಲ. ಈಗ ಕಂಪನಿ ಮುಚ್ಚಿದೆ. ಪರಾಗ್ ಪುಣೆಯಲ್ಲಿದ್ದಾನೆ, ನಾನು ಜಾಹೀರಾತುಗಳಿಗೆ ಸದ್ದು ಮಾಡುತ್ತೇನೆ, ಮೊದಲನೆಯ ಬಂದ್ ಖೋಲಿ ಮಾತ್ರ ಇನ್ನೂ ಲೋಕಲ್ ಗಾಡಿಗಳಲ್ಲಿ ಓಡಾಡುತ್ತಿದೆ.

ಆ ಭಾನುವಾರದ ಮೇಲೆ ಅಪ್ಪ ಸಂಜೆ ಆಟ ತೆರೆದು ಬಿಡುವುದನ್ನು ನಿಲ್ಲಿಸಿದರು. ಮನೆಯಲ್ಲಿ ಹೋಗಿ ಬಾ ಕೇಳಿಸುವುದು ನಿಂತಿತು. ನಿಜ ಹೇಳಿದ್ದಕ್ಕೆ ಬಿಡುಗಡೆಯಾಯಿತು ಎಂದುಕೊಂಡೆ, ಒಳ್ಳೆಯದಾಯಿತು ಎಂದೂ ಅಂದುಕೊಂಡೆ. ಮಳೆ ಹಿಂದೆಗೆದು, ಒಗೆದ ಬಟ್ಟೆ ಗ್ಯಾಲರಿಯಲ್ಲೇ ಒಣಗುವಂತೆ ಬಿಸಿಲು ಬಿದ್ದ ದಿನ ಅಪ್ಪ ಊಟ ಮುಗಿಸಿ ಬಂದು ನನ್ನ ಎದುರಿಗೆ ಕೂತರು. ಏನೋ ಕೇಳಬೇಕೆಂದು ತೊಡೆಯ ಮೇಲೆ ಕೈ ಉಜ್ಜಿಕೊಳ್ಳುತ್ತಿದ್ದರು.

"ವಿದ್ಯಾ, ಆ ಸುಳ್ಳೊಮ್ಮೆ ಹಚ್ಚವಾ."

ಕಂಪ್ಯೂಟರಿನ ಆ ತುಣುಕನ್ನು ಅಳಿಸಿಬಿಡು ಎಂದು ಪರಾಗನಿಗೆ ಹೇಳಿದ್ದೆ. ನನ್ನ ಮೊಬೈಲಿನಲ್ಲಿದ್ದುದನ್ನು ಮಾತ್ರ ಅಳಿಸಲು ಕೈ ಬಂದಿರಲಿಲ್ಲ. "ಅದು ಅವ್ವ ಅಲ್ಲ ಅಪ್ಪಾ" ಎಂದೆ.

"ಗೊತ್ತದ ನನಗ. ಆಕಿ ಅಲ್ಲ," ಅಂದರು ಅಪ್ಪ. "ಆಕಿ ಅಂತೂ ಹೇಳಲಿಲ್ಲಲ್ಲ. ಯಾರರೆ ಹೇಳ್ಲಿ."

ಮೊಬೈಲ್ ತೆಗೆದು ಹಚ್ಚಿದೆ. ಸಣ್ಣ ಉಸಿರು ಎಳೆದುಕೊಂಡು, ಅವ್ವನ ದನಿಯಲ್ಲಿ ಅದು "ನಾನು ಹೋಗ್ತೇನೆ" ಅಂದಿತು.

"ಹೂಂ, ಹೋಗು," ಅಂದರು ಅಪ್ಪ.